ಮನೆಯಲ್ಲಿ ಯಾರಿಗೂ ಕೆಮ್ಮಿಲ್ಲ

ನನ್ನ ಮಗಳಿಗೆ ಟಿಬಿ ಎಂದು ಗೊತ್ತಾದಾಗ ಬಂಧುಬಳಗದವರು ತಲೆಗೊಂದು ಸಲಹೆ ಕೊಟ್ಟರು. ಒಬ್ಬರದು ಆಡಿನ ಹಾಲು, ಇನ್ನೊಬ್ಬರದು ಹರಕೆ. ಆದರೆ ಒಂದು ಮಾತನ್ನು ಮಾತ್ರ ಎಲ್ಲರೂ ಹೇಳಿದರು: ಯಾರಿಗೂ ಹೇಳಬೇಡ. ಹೆಣ್ಣುಮಗು, ನಾಳೆ ಮದುವೆಗೆ ತೊಡಕಾದೀತು ಎಂದು ಎರಡನೇ ತರಗತಿಯ ಹುಡುಗಿಯ ಮದುವೆಯ ಚಿಂತೆ ಹಚ್ಚಿಕೊಂಡವರೂ ಇದ್ದರು. ನಾನು ಮೊದಲಿನಿಂದಲೂ ಬೇಡ ಎಂದದ್ದನ್ನೇ ಮಾಡುವವಳು. ಮಗಳು ಪಕ್ಕದ ಕೋಣೆಯಲ್ಲಿ ಮಂಚದ ಮೇಲೆ ಕುಣಿಯುತ್ತಿದ್ದಾಳೆ, ಮಂಚ ಕಿರುಗುಟ್ಟುತ್ತಿದೆ, ನಾನು ಗದರಿಸುತ್ತಿಲ್ಲ. ಅದನ್ನು ಕೇಳುತ್ತಲೇ ಎಲ್ಲವನ್ನೂ ಹೇಳಿಬಿಡೋಣ ಎಂದು ಕುಳಿತಿದ್ದೇನೆ.

ನಾನು ಬ್ಯಾಂಕಿನವಳು. ಊರು ಬಾಗಲಕೋಟೆ, ಕೆಲಸ ಮೊದಲು ನಾಸಿಕ್‌ನಲ್ಲಿ, ಆಮೇಲೆ ವರ್ಗವಾಗಿ ಛತ್ರಪತಿ ಸಂಭಾಜಿನಗರದಲ್ಲಿ. ಗಂಡ ಬಸವರಾಜ ನಾಸಿಕ್ ಹತ್ತಿರದ ಸಿನ್ನರ್‌ನ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ನನಗೆ ವರ್ಗವಾದಾಗ ಅವರು ಅಲ್ಲೇ ಉಳಿದು ವಾರದ ರಜೆಗೆ ಬಂದು ಹೋಗುವುದೆಂದಾಯಿತು. ಮಗಳು ಮುಕ್ತಾಳನ್ನು ಶಾಲೆಯ ಬಸ್ಸಿಗೆ ಹತ್ತಿಸಿ ಇಳಿಸಿಕೊಳ್ಳಲು ಮಾವನವರಿದ್ದರು. ಅತ್ತೆ ತೀರಿಕೊಂಡ ಮೇಲೆ ಅವರು ನಮ್ಮ ಜೊತೆಗೇ ಇದ್ದಾರೆ. ಸರಕಾರಿ ಬಸ್ಸಿನ ಡ್ರೈವರ್ ಆಗಿ ನಿವೃತ್ತರಾದವರು. “ಇಷ್ಟು ವರ್ಷ ಊರ ಮಂದೀನೆಲ್ಲಾ ಹತ್ತಿಸಿ ಇಳಿಸೀನಿ, ಒಂದು ಕೂಸು ನಂಗ ಹೆಚ್ಚಾತೇನವಾ?” ಎಂದು ಆ ಕೆಲಸವನ್ನು ತಾವೇ ವಹಿಸಿಕೊಂಡಿದ್ದರು.

ಮಾವನವರ ವಿಷಯದಲ್ಲಿ ನನಗಿದ್ದದ್ದು ಒಂದೇ ತಕರಾರು. ಬೆಳಗಾದರೆ ಅವರು ತಾಮ್ರದ ಪಟ್ಟಿಯಿಂದ ನಾಲಿಗೆ ಉಜ್ಜಿ, ಗಂಟಲಿನ ತಳದಿಂದ ಖ್ಯಾಕರಿಸುತ್ತಿದ್ದರು. ಆ ಸದ್ದು ಬಚ್ಚಲಲ್ಲಿ ಹುಟ್ಟಿ ನಾಲ್ಕೂ ಮಹಡಿ ಸುತ್ತಿ ಬರುತ್ತಿತ್ತು. ಕೆಳಮನೆಯ ಮರಾಠಿ ಹೆಂಗಸು, ಎಲ್ಲರ ಕಾಕೂ, ತಮಗೆ ಗಡಿಯಾರವೇ ಬೇಡ ಎಂದು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ನಯವಾಗಿಯೂ ಹೇಳಿದೆ, ಬಿಗಿಯಾಗಿಯೂ ಹೇಳಿದೆ. “ಹಾರ್ನ್ ಕೆಟ್ಟ ಗಾಡೀನ ಡಿಪೋದಿಂದ ಹೊರಗ ಬಿಡಬಾರದವಾ,” ಎನ್ನುತ್ತಿದ್ದರು. ಆ ಮನುಷ್ಯ ತನ್ನ ಯೌವನದಿಂದಲೂ ಹಾಗೆಯೇ. ಅತ್ತೆ ಬದುಕಿಡೀ ಕೇಳಿದ್ದನ್ನು ನಾನು ಇನ್ನಷ್ಟು ವರ್ಷ ಕೇಳಿದರಾಯಿತು ಎಂದು ಸುಮ್ಮನಾದೆ.

ಅವರಿಗೆ ಇನ್ನೊಂದು ಅಭ್ಯಾಸವಿತ್ತು. ನಾಸಿಕ್‌ನಲ್ಲಿದ್ದಾಗ ನಮ್ಮ ಕಾಲನಿಯ ಹಿಂದೆ ದೊಡ್ಡ ಕಟ್ಟಡವೊಂದು ಏಳುತ್ತಿತ್ತು. ಅಲ್ಲಿ ಕೆಲಸಕ್ಕೆ ಬಂದ ಕುಟುಂಬಗಳು ನಮ್ಮ ಕಡೆಯವು. ಸಂಜೆ ನಾನು ಬಂದ ಕೂಡಲೇ ಮುಕ್ತಾಳನ್ನು ನನಗೊಪ್ಪಿಸಿ ಮಾವನವರು ಅತ್ತ ಹೋಗಿಬಿಡುತ್ತಿದ್ದರು. ಸಿಂದಗಿ ಕಡೆಯ ಶರಣಪ್ಪ ಎಂಬ ಗೋಡೆ ಕಟ್ಟುವ ಗೌಂಡಿಯೊಡನೆ ಅವರ ಸ್ನೇಹ. ಅವನ ತಗಡಿನ ಖೋಲಿಯಲ್ಲಿ ಕೂತು ಚಹಾ ಕುಡಿದು, ಮನಸಾರೆ ಕನ್ನಡ ಮಾತಾಡಿ ಬರುತ್ತಿದ್ದರು. ಮೊಮ್ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮರಾಠಿ. ನಾನು ಮನೆಗೆ ಬರುವಷ್ಟರಲ್ಲಿ ಸೋತು ಸುಣ್ಣವಾಗಿರುತ್ತಿದ್ದೆ. ಅವರಾದರೂ ಎಲ್ಲಿಗೆ ಹೋಗಬೇಕು? ಆ ಕಟ್ಟಡ ಮುಗಿದಾಗ ಮೇಸ್ತ್ರಿ ಆ ಜನರನ್ನೆಲ್ಲ ಸಂಭಾಜಿನಗರದ ಹತ್ತಿರದ ವಾಳೂಜ್ ಕಡೆ ಕರೆದೊಯ್ದನಂತೆ. ಮಾವನವರು ಅನೇಕ ದಿನ ಮಂಕಾಗಿದ್ದರು.

ಮುಕ್ತಾಳ ಕೆಮ್ಮು ಶುರುವಾದದ್ದು ನಾಸಿಕ್‌ನಲ್ಲೇ. ಸಿರಪ್ಪು, ಮತ್ತೊಂದು ಸಿರಪ್ಪು, ಅಲರ್ಜಿ ಎಂದರು. ಪಕ್ಕದ ಮನೆಯವರು ದ್ರಾಕ್ಷಿಗೆ ಹೊಡೆಯುವ ಔಷಧಿಯ ಮೇಲೆ ತಪ್ಪು ಹಾಕಿದರು, ನಾನು ದ್ರಾಕ್ಷಿ ನಿಲ್ಲಿಸಿದೆ. ವರ್ಗವಾಗಿ ಸಂಭಾಜಿನಗರಕ್ಕೆ ಬಂದ ಮೇಲೆ ಸಂಜೆ ಸಂಜೆ ಮೈ ಬಿಸಿ. ಶಾಲೆಯ ಸ್ಕರ್ಟು ಸೊಂಟದಲ್ಲಿ ನಿಲ್ಲದೆ ಪಿನ್ನು ಹಾಕಿ ಕಳಿಸುತ್ತಿದ್ದೆ. ಒಂದು ದಿನ ಅವಳಿಗೆ ಸ್ನಾನ ಮಾಡಿಸುವಾಗ ಬೆನ್ನು ಉಜ್ಜಲು ಹೋದ ಕೈಗೆ ಬರೀ ಎಲುಬು ಹತ್ತಿತು. ನೀರು ಹಾಕುವುದನ್ನು ಬಿಟ್ಟು ಅಲ್ಲೇ ಕುಳಿತುಬಿಟ್ಟೆ. ಅವತ್ತೇ ರಜೆ ಹಾಕಿ ದೊಡ್ಡ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಹೋದೆವು, ನಾನು, ಮುಕ್ತಾ, ಮಾವನವರು.

ಅಲ್ಲಿನ ಡಾಕ್ಟರ್ ಮೇಡಂ ನನಗಿಂತ ಚಿಕ್ಕವರು. ಎಕ್ಸ್‌ರೇ ತೆಗೆಸಿದರು, ಮುಂಗೈಗೆ ಒಂದು ಸೂಜಿ ಚುಚ್ಚಿ ಕಳಿಸಿದರು. ಚುಚ್ಚಿದ ಜಾಗ ಎರಡು ದಿನಕ್ಕೆ ಕೆಂಪಗೆ ಉಬ್ಬಿತು. ಅದನ್ನು ಬೆರಳಿಂದ ಮುಟ್ಟಿ ನೋಡಿ, ಅವರು ಮರಾಠಿಯಲ್ಲಿ ಕೇಳಿದರು, “ಮನೆಯಲ್ಲಿ ಯಾರಿಗಾದರೂ ಕೆಮ್ಮು ಇದೆಯೇ?”

“ಇಲ್ಲ,” ಎಂದೆ.

“ಚೆನ್ನಾಗಿ ಯೋಚನೆ ಮಾಡಿ. ಮಕ್ಕಳಿಗೆ ಇದು ಸಾಮಾನ್ಯವಾಗಿ ದೊಡ್ಡವರಿಂದ ಬರುತ್ತದೆ.”

ಯೋಚನೆ ಮಾಡಿದೆ. ಕೆಲಸದ ಮೌಶಿಯ ಮೇಲೆ ಅನುಮಾನಪಟ್ಟೆ, ಶಾಲೆಯ ಬಸ್ಸಿನವನ ಮೇಲೆ ಪಟ್ಟೆ. ಮಾವನವರೂ ಪಕ್ಕದಲ್ಲೇ ಕೂತು, “ನಮ್ಮ ಮನ್ಯಾಗ ಯಾರಿಗೂ ಕೆಮ್ಮಿಲ್ಲ ಬಿಡ್ರಿ,” ಎಂದು ತಮ್ಮ ಹಿಂದಿಯಲ್ಲಿ ಖಡಾಖಂಡಿತವಾಗಿ ಹೇಳಿದರು. ಅವರೂ ಸುಳ್ಳು ಹೇಳಲಿಲ್ಲ, ನಾನೂ ಹೇಳಲಿಲ್ಲ. ನಮ್ಮ ಲೆಕ್ಕದಲ್ಲಿ ಕೆಮ್ಮು ಬೇರೆ, ಅವರ ಬೆಳಗಿನ ಸದ್ದು ಬೇರೆ.

ಡಾಕ್ಟರ್ ಹೇಳಿದ್ದನ್ನು ನಾನು ಅರ್ಥ ಮಾಡಿಕೊಂಡದ್ದು ಇಷ್ಟು. ಎಕ್ಸ್‌ರೇ ಮತ್ತು ಮುಂಗೈ ಎರಡೂ ಟಿಬಿ ಎನ್ನುತ್ತಿವೆ. ಆದರೆ ಯಾವ ಗುಳಿಗೆಗೆ ಅದು ಬಗ್ಗುತ್ತದೆ ಎಂದು ಅವು ಹೇಳುವುದಿಲ್ಲ. ಅದನ್ನು ಹೇಳಬೇಕಾದರೆ ಲ್ಯಾಬಿಗೆ ಕಫ ಬೇಕು. “ಊಹೆಯ ಮೇಲೆ ಶುರು ಮಾಡಬಹುದು. ಊಹೆ ತಪ್ಪಿದರೆ ಔಷಧಿ ನುಂಗುತ್ತಲೇ ಮಗು ಸೊರಗುತ್ತದೆ. ಕೆಲವು ದಿನ ಕೊಡಿ ನನಗೆ,” ಎಂದರು. ನನಗೆ ಕೋಪ ಬಂತು. ರೋಗದ ಹೆಸರು ಗೊತ್ತಾದ ಮೇಲೂ ಔಷಧಿ ಕೊಡದೆ ಕೂಡುತ್ತಾರಲ್ಲ ಎಂದು ದಾರಿಯುದ್ದಕ್ಕೂ ಗೊಣಗಿದೆ. ಇಂದು ಆ ಹಟಮಾರಿ ಡಾಕ್ಟರ್ ಹುಡುಗಿಯನ್ನು ನೆನೆದರೆ ಕೈ ಮುಗಿಯಬೇಕೆನಿಸುತ್ತದೆ.

ಏಳು ವರ್ಷದ ಹುಡುಗಿಯಿಂದ ಕಫ ತೆಗೆಸುವುದೆಂದರೆ ಕಲ್ಲಿನಿಂದ ನಾರು ತೆಗೆದಂತೆ. ಮಕ್ಕಳು ಕೆಮ್ಮುತ್ತಾರೆ, ನುಂಗಿಬಿಡುತ್ತಾರೆ. ಅದರ ಮೇಲೆ ನನ್ನ ಮಗಳು ನನ್ನ ತರಬೇತಿಯವಳು. ಬೀದಿಯಲ್ಲಿ ಯಾರಾದರೂ ಉಗುಳಿದರೆ ನಿಂತು ಜಗಳ ತೆಗೆಯುವ ಅಮ್ಮನ ಬೆರಳು ಹಿಡಿದು ಬೆಳೆದವಳು. ಡಬ್ಬಿ ಕೈಗೆ ಕೊಟ್ಟು “ಉಗುಳು” ಎಂದರೆ ನನ್ನನ್ನೇ ಹುಚ್ಚಿಯನ್ನು ನೋಡುವಂತೆ ನೋಡಿದಳು. ಪುಸಲಾಯಿಸಿ ಏನೋ ಒಂದಿಷ್ಟು ಉಗುಳಿಸಿ ಕೊಟ್ಟೆವು. ಲ್ಯಾಬಿನ ಕಿಟಕಿಯಿಂದ ಡಬ್ಬಿ ತಿರುಗಿ ಬಂತು. ಇದು ಬಾಯಿಯ ನೀರು, ಎದೆಯೊಳಗಿನದು ಬೇಕು ಎಂದರು.

ಮರುದಿನ ಅವಳ ಮೂಗು ಬಾಯಿಗೆ ಮಾಸ್ಕ್ ಹಿಡಿದು ಉಪ್ಪುನೀರಿನ ಹಬೆ ಕೊಟ್ಟರು. ಕೆಮ್ಮು ಏಳುತ್ತದೆ, ಆಗ ಹೊರಗೆ ಬಯಲಲ್ಲಿ ಕೂತು ಉಗುಳಿಸಿ ಎಂದು ಎರಡು ಡಬ್ಬಿ ಕೊಟ್ಟು ಕಳಿಸಿದರು. ಹಿತ್ತಿಲ ಕಡೆ ಬೇವಿನ ಮರದ ಕೆಳಗೆ ಅದಕ್ಕೆಂದೇ ಒಂದು ಕಲ್ಲುಬೆಂಚು. ಮುಕ್ತಾ ಕೆಮ್ಮಿದಳು, ನುಂಗಿದಳು. ಮತ್ತೆ ಕೆಮ್ಮಿದಳು, ಮತ್ತೆ ನುಂಗಿದಳು. ನಾನು ಬೇಡಿಕೊಂಡೆ, ಬೈದೆ. ಅವಳು ಅಳತೊಡಗಿದಳು. ಇಂದು ಬರದಿದ್ದರೆ ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸಿ, ನುಂಗಿದ ಕಫವನ್ನು ಎಳೆದು ತೆಗೆಯಬೇಕಾಗುತ್ತದೆ ಎಂದು ಡಾಕ್ಟರ್ ನನಗೆ ಹೇಳಿದ್ದರು. ಅದನ್ನು ಅವಳಿಗೆ ಹೇಳುವ ಧೈರ್ಯ ನನಗಿರಲಿಲ್ಲ.

ಮಾವನವರಿಗೆ ಸಾಕಾಯಿತು. “ಸರಿ ಅತ್ತಾಗ. ಯಾವ ಕೆಲಸಾ ಯಾರಿಗೆ ಹೇಳಬೇಕನ್ನೋದು ಗೊತ್ತಿಲ್ಲ ನಿಮಗ,” ಎಂದು ನನ್ನನ್ನು ಎಬ್ಬಿಸಿ ತಾವು ಕೂತರು. “ಮುಕ್ತವ್ವಾ, ಇಲ್ಲಿ ನೋಡಿಲ್ಲಿ. ಮೊದಲ ಗೇರು ಹಾಕಬೇಕು. ಉಸಿರ ಒಳಗ ತಗೋ. ಈಗ ತಳದಿಂದ ಎತ್ತು.”

ಹಾಗೆಂದು ಕೈಯಲ್ಲಿದ್ದ ಇನ್ನೊಂದು ಖಾಲಿ ಡಬ್ಬಿಯನ್ನು ಬಾಯಿಗೆ ಹಿಡಿದು ಖ್ಯಾಕರಿಸಿದರು. ಬಯಲಿಗೆ ಬಂದ ಆ ಸದ್ದಿಗೆ ಮರದ ಮೇಲಿನ ಪಾರಿವಾಳಗಳು ಎದ್ದು ಹಾರಿದವು. ಸಾಲಿನಲ್ಲಿ ನಿಂತಿದ್ದವರು ತಿರುಗಿ ನೋಡಿದರು. ಭೂಮಿ ಬಾಯಿ ಬಿಡಬಾರದೇ ಅನಿಸಿತು ನನಗೆ. ಮುಕ್ತಾ ಮಾತ್ರ ಅಳು ನಿಲ್ಲಿಸಿ, “ಛೀ ಅಜ್ಜಾ, ಘಾಣ!” ಗಲೀಜು ಎಂದು ಕಿಲಕಿಲ ನಕ್ಕಳು. ನಗುತ್ತ ಕೆಮ್ಮು ಬಂತು. “ಹಾಂ, ಅದನ್ನ ಬಿಡಬ್ಯಾಡ, ಎತ್ತು ಎತ್ತು!” ಎಂದು ಅಜ್ಜ ಬಸ್ಸನ್ನು ಘಾಟಿ ಹತ್ತಿಸುವವರ ಹಾಗೆ ಹುರಿದುಂಬಿಸಿದರು. ಡಬ್ಬಿಯ ತಳಕ್ಕೆ ಕಡಲೆಕಾಳಿನಷ್ಟು ಬಿತ್ತು. ನನ್ನ ಮಗಳು ಉಗುಳಿದ್ದಕ್ಕೆ ನಾನು ಅವಳ ಹಣೆಗೆ ಮುತ್ತಿಟ್ಟೆ.

ಸದ್ದಿಗೆ ಡಾಕ್ಟರ್ ಮೇಡಂ ಬಾಗಿಲಿಗೆ ಬಂದಿದ್ದರು. ಅವರು ಮುಕ್ತಾಳ ಡಬ್ಬಿ ನೋಡಲಿಲ್ಲ. ಮಾವನವರ ಕೈಯಲ್ಲಿದ್ದುದನ್ನು ನೋಡುತ್ತಿದ್ದರು.

“ಆಜೋಬಾ, ಈ ಕೆಮ್ಮು ಎಷ್ಟು ದಿನದಿಂದ?”

“ಕೆಮ್ಮಲ್ಲ ಮೇಡಂ. ಇದು ಗಂಟಲ ಸ್ವಚ್ಛ ಮಾಡ್ಕೊಳ್ಳೋದು. ಪೈಲೆಸೇ ಐಸಾಚ್ ಹೈ.”

“ಮೊದಲಿನಿಂದಲೂ ಇಷ್ಟೇ ಕಫ ಬರುತ್ತಿತ್ತೇ?”

ಮಾವನವರು ಡಬ್ಬಿಯೊಳಗೆ ಇಣುಕಿದರು. ನನ್ನ ಕಡೆ ನೋಡಿದರು. ಅವರ ಅಂಗಿಯ ಕಾಲರು ಕುತ್ತಿಗೆಯಿಂದ ದೂರ ನಿಂತದ್ದು ನನಗೆ ಅದೇ ಮೊದಲ ಸಲ ಕಾಣಿಸಿತು. ಡಾಕ್ಟರ್ ಆ ಡಬ್ಬಿಗೂ ಮುಚ್ಚಳ ಹಾಕಿಸಿ, ಹೆಸರು ಬರೆಸಿ ಕಳಿಸಿದರು.

ಕಡಲೆಕಾಳಿನಷ್ಟು ಸಾಲದು ಎಂದು ಮುಕ್ತಾಳಿಗೆ ನಳಿಕೆಯೂ ತಪ್ಪಲಿಲ್ಲ. ಬೆಳಗ್ಗೆ ಎದ್ದು ಓಡಾಡುವ ಮೊದಲು, ಬರಿ ಹೊಟ್ಟೆಯಲ್ಲಿ ತೆಗೆಯಬೇಕೆಂದು ವಾರ್ಡಿಗೆ ಸೇರಿಸಿಕೊಂಡರು. ಪಕ್ಕದ ಮಂಚದಲ್ಲಿ ವೈಜಾಪುರದ ಹೆಂಗಸೊಬ್ಬಳು ಮಗನ ಜೊತೆ ಇದ್ದಳು. ಅವಳ ಮಗನಿಗೆ ಆಗಲೇ ನಳಿಕೆ ಇಳಿಸಿಯಾಗಿತ್ತು. ನಳಿಕೆ ಇಳಿಸುವಾಗ ನಾನು ಮುಕ್ತಾಳ ತಲೆ ಹಿಡಿದಿದ್ದೆ, ಅವಳು ನನ್ನ ಬಳೆ ಹಿಡಿದಿದ್ದಳು. ಆ ಹೆಂಗಸು ಯಾರೂ ಕರೆಯದೆ ಬಂದು ಮುಕ್ತಾಳ ಅಂಗಾಲುಗಳನ್ನು ತನ್ನೆರಡು ಕೈಯಲ್ಲಿ ಹಿಡಿದು ಉಜ್ಜುತ್ತ ಕೂತಳು. ಮುಗಿಯುವವರೆಗೂ ಬಿಡಲಿಲ್ಲ. ಆಮೇಲೆ ತನ್ನ ಗಂಟು ಬಿಚ್ಚಿ ಭಾಕರಿಯ ಮೇಲೆ ಶೇಂಗಾ ಚಟ್ನಿ ಹಾಕಿ ನನಗೆ ಕೊಟ್ಟಳು. ತಿನ್ನುತ್ತ ಅತ್ತುಬಿಟ್ಟೆ. ಅವಳ ಹೆಸರನ್ನು ಕೇಳುವ ಬುದ್ಧಿ ನನಗೆ ಬರಲಿಲ್ಲ, ಋಣ ಹಾಗೆಯೇ ಉಳಿದಿದೆ.

ಫಲಿತಾಂಶಕ್ಕೆ ಕರೆದ ದಿನ ಬಸವರಾಜ ಸಿನ್ನರ್‌ನಿಂದ ಬಂದಿದ್ದರು. ಮುಕ್ತಾಳ ಯಾವ ಸ್ಯಾಂಪಲ್ಲಿನಲ್ಲೂ ಯಂತ್ರಕ್ಕೆ ಏನೂ ಸಿಕ್ಕಿಲ್ಲ ಎಂದರು ಡಾಕ್ಟರ್. ನಾನು ಕೂತಲ್ಲೇ ದೇವರಿಗೆ ಕೈ ಮುಗಿದೆ. ಡಾಕ್ಟರ್ ನಗಲಿಲ್ಲ. ಮಕ್ಕಳಲ್ಲಿ ಕ್ರಿಮಿ ಕಡಿಮೆ ಇರುತ್ತದೆ, ಸಿಗಲಿಲ್ಲ ಎಂದರೆ ಇಲ್ಲ ಎಂದಲ್ಲ ಎಂದರು. ಆಮೇಲೆ ಮಾವನವರ ಕಡೆ ತಿರುಗಿ ಮೆಲ್ಲಗೆ ಹೇಳಿದರು, “ಆಜೋಬಾ, ನಿಮ್ಮದರಲ್ಲಿ ಸಿಕ್ಕಿದೆ. ಮತ್ತು ಅದು ಮಾಮೂಲಿ ಟಿಬಿಯಲ್ಲ. ಎಲ್ಲರಿಗೂ ಕೊಡುವ ಮುಖ್ಯ ಗುಳಿಗೆಗೆ ಅದು ಬಗ್ಗುವುದಿಲ್ಲ.”

ಹಳೆಯ ಸದ್ದಿನೊಳಗೆ ಹೊಸ ಕೆಮ್ಮು ಬಂದು ಸೇರಿಕೊಂಡಿತ್ತು, ನಾವು ಯಾರೂ ಕೇಳಿಸಿಕೊಂಡಿರಲಿಲ್ಲ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದಂತಾಗಿತ್ತು. ನನಗೆ ಮಾವನವರ ಮೇಲೆ ಸಿಟ್ಟು ಬಂತು. ಬರಲಿಲ್ಲ ಎಂದರೆ ಸುಳ್ಳಾದೀತು. ಮಗಳ ಎಲುಬು ಹತ್ತಿದ ಕೈ ಇನ್ನೂ ನನ್ನದೇ ಇತ್ತಲ್ಲ. ಆದರೆ ಡಾಕ್ಟರ್ ಮುಂದೆ ಹೇಳಿದ್ದನ್ನು ಕೇಳಿ ಆ ಸಿಟ್ಟಿಗೆ ನಿಲ್ಲಲು ಜಾಗ ಉಳಿಯಲಿಲ್ಲ. ಮಗುವಿನಲ್ಲಿ ಇರುವುದೂ ಬಹುಮಟ್ಟಿಗೆ ಇದೇ ಕ್ರಿಮಿ. ಮಗುವಿನ ಕಫ ಹೇಳದ ಉತ್ತರವನ್ನು ಅಜ್ಜನ ಕಫ ಹೇಳಿದೆ. “ಇವರ ಡಬ್ಬಿ ಬರದೇ ಹೋಗಿದ್ದರೆ ನಾನು ಮಾಮೂಲಿ ಗುಳಿಗೆ ಕೊಡುತ್ತಿದ್ದೆ, ನಾವೆಲ್ಲ ಗುಣವಾಗಲೆಂದು ಕಾಯುತ್ತ ಕೂಡುತ್ತಿದ್ದೆವು. ಎಷ್ಟು ಕಾಯುತ್ತಿದ್ದೆವೋ ನನಗೆ ಗೊತ್ತಿಲ್ಲ,” ಎಂದರು ಅವರು.

ನನ್ನದೂ ಬಸವರಾಜರದೂ ಎಕ್ಸ್‌ರೇ ಆಯಿತು, ಏನೂ ಇರಲಿಲ್ಲ. ಮನೆಗೆ ಬಂದು ನೋಡುತ್ತೇನೆ, ಮಾವನವರು ಹಳೆಯ ಖಾಕಿ ಚೀಲಕ್ಕೆ ಬಟ್ಟೆ ತುಂಬುತ್ತಿದ್ದಾರೆ.

“ಎಲ್ಲಿಗ್ರಿ ಮಾವಾರ?”

“ಊರಿಗೆ. ಅಲ್ಲೂ ಗುಳಿಗಿ ಕೊಡ್ತಾರಂತ. ಕೂಸಿನ ಮಾರಿ ನೋಡಾಕ ಆಗವಲ್ದವಾ ನಂಗ. ಕೈಯಾರ ಉಣಿಸಿದಂಗಾತು.”

ನನಗೆ ಸಮಾಧಾನದ ಮಾತು ಆಡಲು ಬರುವುದಿಲ್ಲ, ಜಗಳ ಚೆನ್ನಾಗಿ ಬರುತ್ತದೆ. “ನೀವು ಹೋದ್ರ ಇಕೀನ ಸಾಲಿ ಬಸ್ಸಿಗೆ ಹತ್ತಿಸೋರು ಯಾರ್ರಿ? ನನ್ನ ನೌಕರಿ ಬಿಡಿಸ್ತೀರೇನು? ನೀವು ತಿಳಿದು ಕೊಟ್ರೇನು? ತಿಳಿದು ಮಾಡಿದ್ದು ಒಂದೇ, ಆ ಡಬ್ಬಿ. ಅದಕ್ಕ ನಾ ಸಾಯೋತನಕಾ ನಿಮಗ ಕೈ ಮುಗೀತೀನಿ. ಚೀಲಾ ಇಡ್ರಿ ಕೆಳಗ!” ಎಂದು ಕೂಗಿದೆ. ಕೆಳಮನೆಯ ಕಾಕೂಗೂ ಕೇಳಿಸಿರಬೇಕು. ಮಾವನವರು ಚೀಲದ ಮೇಲೆ ಕೂತು ಹೆಗಲ ವಸ್ತ್ರದಲ್ಲಿ ಮುಖ ಮುಚ್ಚಿಕೊಂಡರು. ಬಸವರಾಜ ಒಳಗಿನಿಂದ ಬಂದು ಅಪ್ಪನ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಕಪಾಟಿಗೆ ಇಟ್ಟರು.

ಔಷಧಿಯ ಕಾಲ ಹಗುರವಾಗಿರಲಿಲ್ಲ. ಬೆಳಗ್ಗೆ ಗುಳಿಗೆ ನುಂಗಿದರೆ ಮಧ್ಯಾಹ್ನದವರೆಗೆ ಇಬ್ಬರಿಗೂ ಓಕರಿಕೆ. ಇಬ್ಬರ ಮೈಬಣ್ಣವೂ ಕಪ್ಪಾಯಿತು. ಮೊದಮೊದಲು ಮಾವನವರು ಬಾಲ್ಕನಿ ಕಡೆಯ ಕೋಣೆಯಲ್ಲಿ ಕಿಟಕಿ ತೆರೆದುಕೊಂಡು, ಮಾಸ್ಕ್ ಹಾಕಿಕೊಂಡು ಒಬ್ಬರೇ ಇರಬೇಕಾಗಿತ್ತು. ಮುಕ್ತಾ ಹೊಸ್ತಿಲಾಚೆ ಚಾಪೆ ಹಾಸಿಕೊಂಡು ಹೋಮ್‌ವರ್ಕ್ ಮಾಡುತ್ತಿದ್ದಳು. “ಗುಳಿಗಿ ನುಂಗಿದೀ?” ಎಂದು ಅವರು ಕೂಗುವುದು, “ಆಧೀ ತೂ,” ಮೊದಲು ನೀನು ಎಂದು ಇವಳು ಕೂಗುವುದು. ಮುಕ್ತಾಳನ್ನು ಶಾಲೆಗೆ ಕಳಿಸಲು ಡಾಕ್ಟರ್ ಒಪ್ಪಿದ ಮೇಲೆ ನಾನು ಹೋಗಿ ಟೀಚರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಗಾಬರಿಯಾಗಲಿಲ್ಲ, ಓಕರಿಕೆ ಬಂದರೆ ಬೇಗ ಹೊರಗೆ ಹೋಗಲಿ ಎಂದು ಬಾಗಿಲ ಹತ್ತಿರದ ಬೆಂಚು ಕೊಟ್ಟರು. ಮೌಶಿ ಬಿಟ್ಟು ಹೋಗುತ್ತಾಳೆಂದುಕೊಂಡಿದ್ದೆ, ಅವಳು ಮೂಗಿಗೆ ಸೆರಗು ಕಟ್ಟಿಕೊಂಡು ಬಂದೇ ಬಂದಳು. ನಿಮ್ಮ ಮನೆಗೂ ಇದು ಬಂದರೆ, ಹೇಳಿಬಿಡಿ. ನಾಲ್ಕು ಜನ ದೂರ ಹೋಗುತ್ತಾರೆ ನಿಜ. ಉಳಿದವರು ಯಾರೆಂದು ಆಗಲೇ ಗೊತ್ತಾಗುವುದು.

ಸ್ಕರ್ಟಿನ ಪಿನ್ನು ತೆಗೆದೆವು. ಕೆನ್ನೆ ತುಂಬಿತು. ಮಾವನವರ ಕಫದಲ್ಲೂ ಏನೂ ಸಿಗದಾಯಿತು. ಅವರು ಕೋಣೆಯಿಂದ ಹೊರಬಂದು ಮೊಮ್ಮಗಳ ಪಕ್ಕ ಕೂತು ಉಣ್ಣುವಂತಾಯಿತು. ಒಂದು ಮಧ್ಯಾಹ್ನ ಊಟವಾದ ಮೇಲೆ, ನಾನು ತಟ್ಟೆ ಎತ್ತುತ್ತಿದ್ದಾಗ, ಅವರು ಅವಳಿಗೆ ಹೇಳಿಯೇಬಿಟ್ಟರು. ಯಾರಿಂದ ಬಂತೆಂದು ಮಗುವಿಗೆ ಹೇಳುವ ಅಗತ್ಯವಿಲ್ಲ ಎಂದು ಡಾಕ್ಟರ್ ಅಂದಿದ್ದರು. ಅವರ ಮನಸ್ಸು ತಡೆಯಲಿಲ್ಲ.

“ಮುಕ್ತವ್ವಾ, ಈ ಬ್ಯಾನಿ ನಿಂಗ ನನ್ನಿಂದ ಬಂದೈತಿ. ಸಿಟ್ಟ ಬಂದ್ರ ಹೇಳು, ಹೊಡಿಬೇಕನಿಸಿದ್ರ ಹೊಡಿ.”

ಅವಳು ಬೆರಳು ನೆಕ್ಕಿ ಮುಗಿಸಿದಳು. “ನಿಂಗ ಯಾರು ಕೊಟ್ರು?” ಎಂದು ಕೇಳಿದಳು.

ಮಾವನವರು ನೀರಿನ ಲೋಟ ಪಕ್ಕಕ್ಕೆ ಸರಿಸಿದರು.

“ಅವರಿಗೆ ಗೋಳ್ಯಾ, ಗುಳಿಗಿ, ಸಿಕ್ಕಾವಾ?”

ನಾನು ತಟ್ಟೆ ಹಿಡಿದು ನಿಂತೆ. ಮನೆಗೆ ಬಂದ ಆರೋಗ್ಯ ಕಾರ್ಯಕರ್ತೆ, ನಿಮ್ಮ ಒಡನಾಟದಲ್ಲಿ ಕೆಮ್ಮುವವರು ಯಾರಾದರೂ ಇದ್ದರೇ ಎಂದು ಕೇಳಿದಾಗ ಮಾವನವರು ಯಾರೂ ಇಲ್ಲ ಎಂದಿದ್ದರು. ಈಗ ನನ್ನ ಕಡೆ ನೋಡದೆ ಹೇಳಿದರು, “ಶರಣಪ್ಪ ಭಾಳ ಕೆಮ್ಮತಿದ್ದನವಾ. ಹೆಸರು ಹೇಳಿದ್ರ ಮೇಸ್ತ್ರಿ ಕೆಲಸಾ ಬಿಡಿಸ್ತಾನ ಅಂತ ನಾ ಹೇಳಲಿಲ್ಲ.” ಅವನಿಂದಲೇ ಬಂತೆಂದು ಯಾರೂ ಆಣೆ ಮಾಡಿ ಹೇಳಲಾರರು. ಮಗಳ ಪ್ರಶ್ನೆಗೆ ಅದು ಉತ್ತರವೂ ಆಗಿರಲಿಲ್ಲ.

ಮುಂದಿನ ಭಾನುವಾರ ಬಸವರಾಜ ಅಪ್ಪನನ್ನು ಮೋಟರ್ ಸೈಕಲ್ ಮೇಲೆ ಕೂರಿಸಿಕೊಂಡು ವಾಳೂಜ್‌ಗೆ ಹೋದರು. ಹೊಸ ಕಟ್ಟಡಗಳ ನಡುವೆ ಕನ್ನಡ ಮಾತು ಕೇಳಿದ ಕಡೆಯೆಲ್ಲ ಗಾಡಿ ನಿಲ್ಲಿಸಿ ವಿಚಾರಿಸಿದರಂತೆ. ಮಧ್ಯಾಹ್ನದ ಹೊತ್ತಿಗೆ ಒಂದು ತಗಡಿನ ಖೋಲಿಯಲ್ಲಿ ಶರಣಪ್ಪ ಸಿಕ್ಕ. ಕೆಲಸ ಮಾಡಲಾರದೆ ಮಲಗಿದ್ದ. ಯಾವುದೋ ಊರಲ್ಲಿ ಗುಳಿಗೆ ಶುರು ಮಾಡಿ, ಕೆಲಸದ ಹಿಂದೆ ಊರು ಬದಲಾದಾಗ ಅರ್ಧಕ್ಕೇ ಬಿಟ್ಟಿದ್ದನಂತೆ. ಆಸ್ಪತ್ರೆ ಎಂದ ಕೂಡಲೇ ಗೋಡೆ ಕಡೆ ಹೊರಳಿದ. ಬ್ಯಾಡ್ರಿ ಕಾಕಾ, ಗೊತ್ತಾದ್ರ ನಮ್ಮ ಮಂದೀನೆಲ್ಲಾ ಹೊರಗ ಹಾಕ್ತಾರ, ನಿಮ್ಮ ಕಾಲಿಗೆ ಬೀಳ್ತೀನಿ ಎಂದು ಗೋಗರೆದ.

ಮಾವನವರು ಅವನ ಹಾಸಿಗೆಯ ಪಕ್ಕ ನೆಲದ ಮೇಲೆ ಕೂತು ಮಾಸ್ಕ್ ಸರಿಮಾಡಿಕೊಂಡು ಹೇಳಿದ್ದನ್ನು ಬಸವರಾಜ ಮನೆಗೆ ಬಂದು ನನಗೆ ಹೇಳಿದರು.

“ನಾ ನನ್ನಷ್ಟಕ್ಕ ಬಂದಿಲ್ಲೋ ತಮ್ಮಾ. ನನ್ನ ಮೊಮ್ಮಗಳು ಕಳಿಸ್ಯಾಳ. ನಿನಗ ಗುಳಿಗಿ ಸಿಕ್ಕಾವೋ ಇಲ್ಲೋ ಅಂತ ಕೇಳ್ಯಾಳ. ಇಲ್ಲ ಅಂತ ಹೋಗಿ ಹೇಳಾಕ ನಂಗ ಮಾರಿ ಇಲ್ಲ. ಏಳು.”

ಶರಣಪ್ಪ ಗೋಡೆಯಿಂದ ಇತ್ತ ಹೊರಳಿದನಂತೆ. ಆಮೇಲೆ ಎದ್ದು ಅಂಗಿ ಹಾಕಿಕೊಂಡ.